ಸ್ವಿಚ್ಚಿಗೂ ಗಣಕಕ್ಕೂ ನಂಟು ಕಡಿದಾಗ: ದೂರವಾಣಿ ವ್ಯವಸ್ಥೆಯಲ್ಲಿ ಸಂಪರ್ಕ ನಷ್ಟದ ಪತ್ತೆ ಮತ್ತು ನಿರ್ವಹಣೆ

ಬೇಡಿಕೆಗಳನ್ನು ಬಹುಪಾಲು ದೂರವಾಣಿಯ ಮೂಲಕವೇ ಪಡೆಯುವ ಒಂದು ಸಗಟು ವ್ಯಾಪಾರ ಸಂಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕರೆ ಬಂದೊಡನೆ ಕಚೇರಿಯ ಇ.ಪಿ.ಎ.ಬಿ.ಎಕ್ಸ್. ಯಂತ್ರವು ಕರೆದವರ ಸಂಖ್ಯೆಯನ್ನು ಗಣಕಯಂತ್ರಕ್ಕೆ ತಿಳಿಸುತ್ತದೆ. ಗಣಕವು ಗ್ರಾಹಕರ ಖಾತೆಯನ್ನು ಹುಡುಕಿ, ಕರೆಯನ್ನು ಯಾವ ಗುಮಾಸ್ತರಿಗೆ ಕೊಡಬೇಕೆಂದು ಉತ್ತರಿಸುತ್ತದೆ. ಒಂದು ಬೆಳಗ್ಗೆ ಇವೆರಡರ ನಡುವಣ ಸಂಪರ್ಕ ಕಡಿಯುತ್ತದೆ. ಇ.ಪಿ.ಎ.ಬಿ.ಎಕ್ಸ್. ದೀಪಗಳು ಎಂದಿನಂತೆ ಉರಿಯುತ್ತಿವೆ; ಗಣಕದ ಪರದೆಯೂ ಎಂದಿನಂತೆಯೇ ಇದೆ. ಗ್ರಾಹಕರ ಕಿವಿಗೆ ಮಾತ್ರ ಗಂಟೆ ಬಾರಿಸುತ್ತಲೇ ಇರುವ ಸದ್ದು. ಬಾರದ ಉತ್ತರಕ್ಕಾಗಿ ಸ್ವಿಚ್ ಕಾಯುತ್ತಿದೆ. ಕೇಳದ ಪ್ರಶ್ನೆಗಾಗಿ ಗಣಕ ಕಾಯುತ್ತಿದೆ. ಗುಮಾಸ್ತರು ಈ ದಿನ ವ್ಯಾಪಾರ ಮಂದವೆಂದು ಭಾವಿಸುತ್ತಾರೆ. ದೂರು ಹೇಳಬೇಕಾದವರೇ ಸಂಪರ್ಕ ಸಿಗದವರಾದ್ದರಿಂದ ದೂರೂ ಬರುವುದಿಲ್ಲ. ಅವರು ಪಕ್ಕದ ಬೀದಿಯ ಮಳಿಗೆಗೆ ಕರೆ ಮಾಡಿರುತ್ತಾರೆ.

ಯಂತ್ರ ಕೆಟ್ಟು ನಿಂತರೆ ಎಲ್ಲರಿಗೂ ಕಾಣುತ್ತದೆ. ಕೆಟ್ಟಿದ್ದೂ ನಿಂತಂತೆ ಕಾಣದಿರುವುದೇ ಹೆಚ್ಚಿನ ನಷ್ಟಕ್ಕೆ ದಾರಿ. ಇಂತಹ ಮೌನ ಕಡಿತವನ್ನು ಪತ್ತೆ ಹಚ್ಚುವ ಮತ್ತು ಅದನ್ನು ನಿಭಾಯಿಸುವ ತತ್ತ್ವಗಳು ದೊಡ್ಡ ದೂರವಾಣಿ ಕೇಂದ್ರಗಳಲ್ಲಿ ದಶಕಗಳ ಹಿಂದೆಯೇ ರೂಪುಗೊಂಡವು. ಸಣ್ಣ ಉದ್ಯಮಗಳಿಗೂ ಅವು ಅಷ್ಟೇ ಅನ್ವಯಿಸುತ್ತವೆ.

ಸ್ವಿಚ್ ಯಾವುದು, ಹೋಸ್ಟ್ ಯಾವುದು?

ಹಳೆಯ ಸ್ಟ್ರೋಜರ್ ಮಾದರಿಯ ದೂರವಾಣಿ ಕೇಂದ್ರಗಳಲ್ಲಿ ಕರೆಯನ್ನು ಜೋಡಿಸುವ ಭಾಗ ಮತ್ತು ಅದನ್ನು ನಿರ್ಧರಿಸುವ ಭಾಗ ಬೇರೆಬೇರೆಯಾಗಿರಲಿಲ್ಲ. ಗ್ರಾಹಕರು ಡಯಲ್ ತಿರುಗಿಸಿದಂತೆ ಸೆಲೆಕ್ಟರುಗಳು ಹಂತಹಂತವಾಗಿ ಚಲಿಸಿ ಸಂಪರ್ಕ ಕಲ್ಪಿಸುತ್ತಿದ್ದವು. 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಸಕ್ಕಸುನ್ನಾ ಎಂಬಲ್ಲಿ ಬೆಲ್ ಸಂಸ್ಥೆಯ ಮೊದಲ ಎಲೆಕ್ಟ್ರಾನಿಕ್ ಸ್ವಿಚ್ ಕಾರ್ಯಾರಂಭ ಮಾಡಿತು. ಅಂದಿನಿಂದ ಸಂಗ್ರಹಿತ ತಂತ್ರಾಂಶದ ಮೂಲಕ ಕರೆಗಳನ್ನು ನಿಯಂತ್ರಿಸುವ ಪದ್ಧತಿ ಬೇರೂರಿತು. ಭಾರತದಲ್ಲಿ 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಸ್ವಿಚ್ 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಮೊದಲಿಗೆ ಸ್ಥಾಪನೆಯಾಯಿತು.

ನಿರ್ಧಾರ ಮತ್ತು ಜೋಡಣೆ ಬೇರೆಯಾದ ಮೇಲೆ, ನಿರ್ಧರಿಸುವ ಕೆಲಸವನ್ನು ಪ್ರತ್ಯೇಕ ಗಣಕಕ್ಕೆ ವಹಿಸುವುದೂ ಸಾಧ್ಯವಾಯಿತು. ಈ ಗಣಕವನ್ನೇ ಹೋಸ್ಟ್ ಎಂದು ಕರೆಯುವುದು. ಕರೆಗಳ ವಿವರವನ್ನು ಸಂಗ್ರಹಿಸಿ ವೆಚ್ಚ ಲೆಕ್ಕ ಹಾಕುವ ಗಣಕ, ವಸತಿಗೃಹದ ಸ್ವಾಗತಕಟ್ಟೆಯ ತಂತ್ರಾಂಶ, ಕಾಲ್ ಸೆಂಟರಿನಲ್ಲಿ ಕರೆಗಳನ್ನು ಹಂಚುವ ಸರ್ವರ್, ಪೂರ್ವಪಾವತಿ ಖಾತೆಯ ಶಿಲ್ಕನ್ನು ನೋಡಿ ಕರೆಗೆ ಅನುಮತಿ ನೀಡುವ ವ್ಯವಸ್ಥೆ, ಇವೆಲ್ಲವೂ ಹೋಸ್ಟ್‌ಗಳೇ. ಮಾತಿನ ಧ್ವನಿ ಸ್ವಿಚ್ಚಿನಲ್ಲಿ ಹರಿಯುತ್ತದೆ. ಅಪ್ಪಣೆ ಮತ್ತು ದಾಖಲೆ ಹೋಸ್ಟ್‌ನ ದಾರದಲ್ಲಿ ಹರಿಯುತ್ತವೆ. ಆ ದಾರ ಕಡಿದರೆ ಧ್ವನಿ ಕಡಿಯಬೇಕಾಗಿಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಮುಂದಿನ ವಿವೇಚನೆಗೆಲ್ಲ ಇದೇ ಆಧಾರ.

ಕಡಿತ ಕಣ್ಣಿಗೆ ಬೀಳದಿರಲು ಕಾರಣ

ಹಳೆಯ ಇ.ಪಿ.ಎ.ಬಿ.ಎಕ್ಸ್.ಗಳು ಆರ್.ಎಸ್.-232 ಸೀರಿಯಲ್ ಕೇಬಲ್ ಮೂಲಕ ಗಣಕಕ್ಕೆ ಜೋಡಣೆಯಾಗಿರುತ್ತವೆ. ಎದುರಿನ ಯಂತ್ರ ಸಿದ್ಧವಾಗಿದೆಯೇ ಎಂದು ತಿಳಿಸಲು ಈ ವ್ಯವಸ್ಥೆಯಲ್ಲಿ ಪ್ರತ್ಯೇಕ ತಂತಿಗಳಿವೆ. ಆದರೆ ಖರ್ಚು ಉಳಿಸಲು ಕಳುಹಿಸುವ ತಂತಿ, ಪಡೆಯುವ ತಂತಿ, ಭೂ ತಂತಿ ಎಂಬ ಮೂರನ್ನೇ ಜೋಡಿಸುವುದು ರೂಢಿ. ಆಗ ಕೇಬಲ್ ಕಿತ್ತುಹೋದರೂ ಯಂತ್ರಕ್ಕೆ ತಿಳಿಯಲು ಮಾರ್ಗವೇ ಉಳಿಯುವುದಿಲ್ಲ. ಕೇಬಲ್ ಇಲ್ಲದಿರುವುದು ಮತ್ತು ಕರೆ ಇಲ್ಲದಿರುವುದು ಒಂದೇ ರೀತಿ ತೋರುತ್ತವೆ.

ಜಾಲದ ಮೂಲಕ ಟಿ.ಸಿ.ಪಿ. ಸಂಪರ್ಕ ಇದ್ದಲ್ಲಿ ಪರಿಸ್ಥಿತಿ ಉತ್ತಮವೆಂಬ ಭಾವನೆ ಸಾಮಾನ್ಯ. ಅದು ಅರ್ಧ ಸತ್ಯ. ಹೋಸ್ಟ್ ತಂತ್ರಾಂಶವನ್ನು ಕ್ರಮಬದ್ಧವಾಗಿ ಮುಚ್ಚಿದರೆ ವಿದಾಯದ ಸಂದೇಶ ಸ್ವಿಚ್ಚಿಗೆ ತಲುಪುತ್ತದೆ. ತಂತ್ರಾಂಶ ಕುಸಿದು ಬಿದ್ದರೂ ಗಣಕದ ಕಾರ್ಯಾಚರಣಾ ವ್ಯವಸ್ಥೆ ಸಾಮಾನ್ಯವಾಗಿ ಸುದ್ದಿ ಮುಟ್ಟಿಸುತ್ತದೆ. ಆದರೆ ಗಣಕದ ವಿದ್ಯುತ್ ಹಠಾತ್ತನೆ ಹೋದರೆ, ಅಥವಾ ನಡುವಣ ಜಾಲಪೆಟ್ಟಿಗೆ ಕೆಟ್ಟರೆ, ಸುದ್ದಿ ಹೇಳುವವರೇ ಇರುವುದಿಲ್ಲ. ಒಂದು ಬದಿಯ ಪಾಲಿಗೆ ಸಂಪರ್ಕ ಜೀವಂತ. ಇನ್ನೊಂದು ಬದಿಯಲ್ಲಿ ಅದು ಇಲ್ಲವೇ ಇಲ್ಲ. ತಜ್ಞರು ಇದನ್ನು ಅರೆತೆರೆದ ಸಂಪರ್ಕ ಎನ್ನುತ್ತಾರೆ.

ಇಂತಹ ಸ್ಥಿತಿಯನ್ನು ಗುರುತಿಸಲು ಟಿ.ಸಿ.ಪಿ.ಯಲ್ಲಿ ಕೀಪ್‌ಅಲೈವ್ ಎಂಬ ಸೌಲಭ್ಯವಿದೆ. ತಂತ್ರಾಂಶವು ಕೇಳಿ ಪಡೆದರೆ ಮಾತ್ರ ಅದು ಕಾರ್ಯನಿರತವಾಗುತ್ತದೆ. ಲಿನಕ್ಸ್ ವ್ಯವಸ್ಥೆಯ ಮೂಲ ಅಳವಡಿಕೆಯಲ್ಲಿ ಸಂಪರ್ಕವು 7,200 ಸೆಕೆಂಡು ಮೌನವಾಗಿದ್ದ ನಂತರವೇ ಮೊದಲ ವಿಚಾರಣೆ ಹೊರಡುತ್ತದೆ; ಬಳಿಕ 75 ಸೆಕೆಂಡುಗಳ ಅಂತರದಲ್ಲಿ 9 ವಿಚಾರಣೆಗಳು ವಿಫಲವಾಗಬೇಕು. ಒಟ್ಟು 7,875 ಸೆಕೆಂಡು, ಎಂದರೆ 2 ಗಂಟೆ 11 ನಿಮಿಷ 15 ಸೆಕೆಂಡು. ಗಂಟೆಗೆ 40 ಕರೆ ಬರುವ ಕಚೇರಿಯಲ್ಲಿ ಅಷ್ಟು ಹೊತ್ತಿಗೆ ಸುಮಾರು 87 ಕರೆಗಳು ದಾರಿ ತಪ್ಪಿರುತ್ತವೆ. ಅದೇ ವ್ಯವಸ್ಥೆಯಲ್ಲಿ ಕಳುಹಿಸಿದ ಮಾಹಿತಿಗೆ ಸ್ವೀಕೃತಿ ಬಾರದಿದ್ದರೂ, ಮರುಪ್ರಯತ್ನಗಳೆಲ್ಲ ಮುಗಿದು ಸಂಪರ್ಕ ಸತ್ತಿದೆಯೆಂದು ಘೋಷಣೆಯಾಗಲು ಮೂಲ ಅಳವಡಿಕೆಯಂತೆ ಸುಮಾರು 15 ನಿಮಿಷ ಬೇಕಾಗುತ್ತದೆ.

ಹೃದಯಬಡಿತದ ತತ್ತ್ವ

ಮೌನಕ್ಕೆ ಎರಡು ಅರ್ಥವಿರುವುದೇ ಸಮಸ್ಯೆಯ ಮೂಲ. ಹೇಳಲು ಏನೂ ಇಲ್ಲದಿರಬಹುದು, ಹೇಳುವವರೇ ಇಲ್ಲದಿರಬಹುದು. ಆದ್ದರಿಂದ ಹೇಳಲು ಏನೂ ಇಲ್ಲದಾಗಲೂ ನಿಯಮಿತವಾಗಿ ಏನನ್ನಾದರೂ ಹೇಳುತ್ತಿರಬೇಕು ಎಂಬುದೇ ಪರಿಹಾರ. ದೂರವಾಣಿ ಕೇಂದ್ರಗಳ ನಡುವಣ ಏಳನೆಯ ಸಂಖ್ಯೆಯ ಸಂಜ್ಞಾ ಪದ್ಧತಿಯಲ್ಲಿ ಇದಕ್ಕೆ ಸೊಗಸಾದ ಏರ್ಪಾಡಿದೆ. ಕರೆಗಳ ಸಂದೇಶವಿಲ್ಲದಾಗ ಆ ಕೊಂಡಿಯಲ್ಲಿ ಭರ್ತಿ ಸಂದೇಶಗಳು ಎಡೆಬಿಡದೆ ಹರಿಯುತ್ತಿರುತ್ತವೆ. ಕೊಂಡಿ ಎಂದೂ ಮೌನವಾಗಿರದ ಕಾರಣ ಮೌನವಾದೊಡನೆ ದೋಷವೆಂದು ತಿಳಿಯುತ್ತದೆ.

ಅಲ್ಲಿಯೇ ಇನ್ನೊಂದು ಪಾಠವೂ ಇದೆ. ಒಂದೆರಡು ಸಂದೇಶ ಕೆಟ್ಟ ಮಾತ್ರಕ್ಕೆ ಕೊಂಡಿಯನ್ನು ಕೈಬಿಡುವುದಿಲ್ಲ. ಕೆಟ್ಟ ಸಂದೇಶವೊಂದಕ್ಕೆ ಎಣಿಕೆ ಒಂದು ಏರುತ್ತದೆ. ಪ್ರತಿ 256 ಸಂದೇಶಗಳಿಗೆ ಒಂದು ಇಳಿಯುತ್ತದೆ. ಎಣಿಕೆ 64 ಮುಟ್ಟಿದಾಗ ಮಾತ್ರ ಕೊಂಡಿಯನ್ನು ಸೇವೆಯಿಂದ ತೆಗೆಯಲಾಗುತ್ತದೆ. ತೂತು ಬಿದ್ದ ಕೊಡದಂತೆ, ಹನಿಹನಿಯಾಗಿ ಬಂದದ್ದು ಸೋರಿಹೋಗುತ್ತದೆ. ಧಾರೆಯಾಗಿ ಸುರಿದರೆ ಮಾತ್ರ ತುಂಬುತ್ತದೆ.

ಸ್ವಿಚ್ ಮತ್ತು ಹೋಸ್ಟ್‌ಗಳ ನಡುವೆ ಇದೇ ಕೆಲಸವನ್ನು ಹಾರ್ಟ್‌ಬೀಟ್ ಸಂದೇಶಗಳು ಮಾಡುತ್ತವೆ. ಸ್ವಿಚ್ 10 ಸೆಕೆಂಡಿಗೊಮ್ಮೆ ವಿಚಾರಿಸುತ್ತದೆ, ಹೋಸ್ಟ್ ಉತ್ತರಿಸಬೇಕು. ಸತತ 3 ಉತ್ತರಗಳು ತಪ್ಪಿದರೆ ಸಂಪರ್ಕ ನಷ್ಟವೆಂದು ಪರಿಗಣನೆ. ಈ ಲೆಕ್ಕದಲ್ಲಿ 30ರಿಂದ 40 ಸೆಕೆಂಡುಗಳೊಳಗೆ ಪತ್ತೆ ಆಗುತ್ತದೆ. ಗಂಟೆಗೆ 40 ಕರೆ ಬರುವ ಕಚೇರಿಯಲ್ಲಿ ಆ ಅವಧಿಗೆ ಸರಾಸರಿ ಒಂದು ಕರೆಯೂ ಬೀಳುವುದಿಲ್ಲ. ಮೇಲಿನ 87 ಕರೆಗಳೊಂದಿಗೆ ಇದನ್ನು ಹೋಲಿಸಿದರೆ ಏರ್ಪಾಡಿನ ಬೆಲೆ ತಿಳಿಯುತ್ತದೆ.

ಅಂತರವನ್ನು ಎಷ್ಟಿಡಬೇಕು ಎಂಬುದು ವಿವೇಚನೆಯ ವಿಷಯ. ಅತಿ ಚಿಕ್ಕದಾದರೆ ಗಣಕವು ಲೆಕ್ಕಪತ್ರದ ಪ್ರತಿ ತೆಗೆಯುತ್ತಾ ಅರೆಕ್ಷಣ ನಿಧಾನಿಸಿದರೂ ಸುಳ್ಳು ಎಚ್ಚರಿಕೆ ಮೊಳಗುತ್ತದೆ. ಸುಳ್ಳು ಎಚ್ಚರಿಕೆ ಪದೇಪದೇ ಬಂದರೆ ಸಿಬ್ಬಂದಿ ನಿಜವಾದುದನ್ನೂ ನಿರ್ಲಕ್ಷಿಸುತ್ತಾರೆ. ಅತಿ ದೀರ್ಘವಾದರೆ ಪತ್ತೆಯೇ ತಡ. ಮಾನದಂಡಗಳಲ್ಲಿ ಸೂಚಿತವಾದ ಅಂಕಿಗಳು ಇಲ್ಲಿ ಮಾರ್ಗದರ್ಶಿಯಾಗಬಲ್ಲವು. ಸಂಜ್ಞಾ ಸಂದೇಶಗಳನ್ನು ಜಾಲದ ಮೇಲೆ ಸಾಗಿಸುವ ಎಸ್.ಸಿ.ಟಿ.ಪಿ. ನಿಯಮಾವಳಿಯಲ್ಲಿ ಹಾರ್ಟ್‌ಬೀಟ್ ಅಂತರಕ್ಕೆ 30 ಸೆಕೆಂಡು ಸೂಚಿಸಲಾಗಿದೆ. ಖಾತೆ ಪರಿಶೀಲನೆಗೆ ಬಳಕೆಯಾಗುವ ಡಯಾಮೀಟರ್ ನಿಯಮಾವಳಿಯ ಕಾವಲು ಗಡಿಯಾರಕ್ಕೂ 30 ಸೆಕೆಂಡೇ ಮೂಲ ಬೆಲೆ. ಅದನ್ನು 6 ಸೆಕೆಂಡಿಗಿಂತ ಕೆಳಗಿಳಿಸಬಾರದೆಂಬ ನಿರ್ಬಂಧವೂ ಇದೆ.

ಉತ್ತರಿಸುವವರು ಯಾರು ಎಂಬುದೂ ಮುಖ್ಯ. ಪಿಂಗ್ ವಿಚಾರಣೆಗೆ ಗಣಕದ ಕಾರ್ಯಾಚರಣಾ ವ್ಯವಸ್ಥೆ ಉತ್ತರಿಸುತ್ತದೆ; ಕರೆ ನಿರ್ವಹಿಸುವ ತಂತ್ರಾಂಶ ಸ್ತಬ್ಧವಾಗಿದ್ದರೂ ಆ ಉತ್ತರ ಬರುತ್ತಲೇ ಇರುತ್ತದೆ. ಅಂಗಡಿಯ ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಗಲ್ಲಾಪೆಟ್ಟಿಗೆಯ ಮುಂದೆ ಜನರಿದ್ದಾರೆಂದು ಅರ್ಥವಲ್ಲ. ಆದ್ದರಿಂದ ಹಾರ್ಟ್‌ಬೀಟ್‌ಗೆ ಉತ್ತರವು ಕರೆಯನ್ನು ನಿರ್ಧರಿಸುವ ತಂತ್ರಾಂಶದ ಒಳಗಿನಿಂದಲೇ ಬರಬೇಕು. ಅಂತೆಯೇ ವಿಚಾರಣೆ ಎರಡೂ ಕಡೆಯಿಂದ ನಡೆಯಬೇಕು. ಸ್ವಿಚ್ ಹೋಸ್ಟನ್ನು ವಿಚಾರಿಸಿದರೆ ಸಾಲದು, ಹೋಸ್ಟ್ ಸಹ ಸ್ವಿಚ್ಚನ್ನು ವಿಚಾರಿಸುತ್ತಿರಬೇಕು.

ಕಡಿತದ ವೇಳೆಯ ನಡವಳಿಕೆ

ಪತ್ತೆಯಾದ ಮೇಲೆ ಏನು ಮಾಡಬೇಕೆಂಬುದನ್ನು ಮೊದಲೇ ನಿರ್ಧರಿಸಿ ಸ್ವಿಚ್ಚಿನಲ್ಲಿ ಅಳವಡಿಸಿರಬೇಕು. ಇದು ತಂತ್ರಜ್ಞರೊಬ್ಬರ ನಿರ್ಧಾರವಲ್ಲ. ವ್ಯಾಪಾರದ ಯಜಮಾನರ ನಿರ್ಧಾರ.

ಮೊದಲನೆಯದಾಗಿ, ನಡೆಯುತ್ತಿರುವ ಸಂಭಾಷಣೆಗಳನ್ನು ಕಡಿಯಬಾರದು. ಐ.ಎಸ್.ಡಿ.ಎನ್. ನಿಯಮಾವಳಿಯಲ್ಲಿ ಸಂಜ್ಞಾ ಮಾರ್ಗ ಕಡಿದಾಗ ಮಾತುಕತೆಯ ಹಂತ ತಲುಪಿದ ಕರೆಗಳನ್ನು ತಕ್ಷಣ ನಿಲ್ಲಿಸದೆ ಟಿ-309 ಎಂಬ ಗಡಿಯಾರವನ್ನು ಆರಂಭಿಸಲಾಗುತ್ತದೆ. ಆ ಅವಧಿಯೊಳಗೆ ಮಾರ್ಗ ಮರಳಿದರೆ ಕರೆ ಮುಂದುವರಿಯುತ್ತದೆ. ಇನ್ನೂ ಜೋಡಣೆಯ ಹಂತದಲ್ಲಿದ್ದ ಕರೆಗಳನ್ನು ಮಾತ್ರ ಕೈಬಿಡಲಾಗುತ್ತದೆ.

ಎರಡನೆಯದಾಗಿ, ಹೊಸ ಕರೆಗಳಿಗೆ ಬದಲಿ ದಾರಿ ಇರಬೇಕು. ಹೋಸ್ಟ್‌ನಿಂದ 2 ಅಥವಾ 3 ಸೆಕೆಂಡುಗಳೊಳಗೆ ಉತ್ತರ ಬಾರದಿದ್ದರೆ ಕರೆಯು ನಿಗದಿತ ದೂರವಾಣಿಗಳ ಗುಂಪಿಗೆ ತಾನಾಗಿ ಹೋಗಬೇಕು. ಗ್ರಾಹಕರ ಖಾತೆ ಪರದೆಯಲ್ಲಿ ಮೂಡದಿರಬಹುದು. ಕಾಗದದ ಮೇಲೆ ಬೇಡಿಕೆ ಬರೆದುಕೊಳ್ಳಲು ಅಡ್ಡಿಯಿಲ್ಲ.

ಮೂರನೆಯದಾಗಿ, ಹಣಕ್ಕೆ ಸಂಬಂಧಿಸಿದ ಅನುಮತಿಗಳ ಬಗ್ಗೆ ಸ್ಪಷ್ಟ ನೀತಿ ಬೇಕು. ಶಿಲ್ಕು ತಿಳಿಯದ ಪೂರ್ವಪಾವತಿ ಖಾತೆಯಿಂದ ಕರೆಗೆ ಅವಕಾಶ ಕೊಟ್ಟರೆ ಸಂಸ್ಥೆಗೆ ನಷ್ಟ. ಕೊಡದಿದ್ದರೆ ಗ್ರಾಹಕರಿಗೆ ಬೇಸರ. ಸ್ಥಳೀಯ ಕರೆಗೆ ಅವಕಾಶ, ವಿದೇಶಿ ಕರೆಗೆ ತಡೆ ಎಂಬಂತೆ ಮಧ್ಯಮ ಮಾರ್ಗವೂ ಸಾಧ್ಯ. 112ರಂತಹ ತುರ್ತು ಸಂಖ್ಯೆಗಳಿಗೆ ಮಾತ್ರ ಹೋಸ್ಟ್‌ನ ಅನುಮತಿಯ ಹಂಗೇ ಇರಬಾರದು.

ನಾಲ್ಕನೆಯದಾಗಿ, ಎಚ್ಚರಿಕೆಯು ಮನುಷ್ಯರ ಕಣ್ಣಿಗೆ ಬೀಳಬೇಕು. ಬೀಗ ಹಾಕಿದ ಕೋಣೆಯಲ್ಲಿ ಮಿನುಗುವ ಕೆಂಪು ದೀಪ ಯಾರಿಗೂ ಎಚ್ಚರಿಕೆಯಲ್ಲ.

ದಾಖಲೆಗಳ ರಕ್ಷಣೆ

ಹೋಸ್ಟ್ ಇಲ್ಲದ ವೇಳೆಯ ಕರೆ ವಿವರಗಳನ್ನು ಸ್ವಿಚ್ ತನ್ನ ಸ್ಮೃತಿಯಲ್ಲಿ ಕೂಡಿಡಬೇಕಾಗುತ್ತದೆ. ಈ ಉಗ್ರಾಣದ ಅಳತೆಯನ್ನು ಕೊಳ್ಳುವ ಮುನ್ನವೇ ಲೆಕ್ಕ ಹಾಕುವುದು ಸುಲಭ. ಒಂದು ಕರೆಯ ವಿವರ 80 ಅಕ್ಷರ ಮತ್ತು ಸಾಲು ಮುಗಿಸುವ 2 ಅಕ್ಷರ, ಒಟ್ಟು 82 ಬೈಟ್ ಎಂದಿಟ್ಟುಕೊಂಡರೆ, 64 ಕಿಲೋಬೈಟ್ ಎಂದರೆ 65,536 ಬೈಟ್ ಸ್ಮೃತಿಯಲ್ಲಿ 799 ಕರೆಗಳ ವಿವರ ಹಿಡಿಯುತ್ತದೆ. ದಿನಕ್ಕೆ 400 ಕರೆಗಳ ಕಚೇರಿಯಲ್ಲಿ ಶುಕ್ರವಾರ ಸಂಜೆ ಗಣಕ ನಿಂತರೆ, ಶನಿವಾರದ ಮತ್ತು ಸೋಮವಾರದ ಕರೆಗಳಿಂದ ಸೋಮವಾರ ಸಂಜೆಯ ಹೊತ್ತಿಗೆ ಉಗ್ರಾಣ ಭರ್ತಿ. ನಂತರ ಕೆಲವು ಯಂತ್ರಗಳು ಹಳೆಯ ವಿವರವನ್ನು ಅಳಿಸುತ್ತವೆ, ಕೆಲವು ಹೊಸದನ್ನು ತಿರಸ್ಕರಿಸುತ್ತವೆ. ತಮ್ಮ ಯಂತ್ರದ ರೀತಿ ಯಾವುದೆಂದು ಉದ್ಯಮಿಗಳು ಕೇಳಿ ತಿಳಿಯಬೇಕು. ವಿದ್ಯುತ್ ಹೋದಾಗ ಆ ಸ್ಮೃತಿ ಉಳಿಯುತ್ತದೆಯೇ ಎಂಬುದನ್ನೂ ವಿಚಾರಿಸಬೇಕು.

ಪ್ರತಿ ವಿವರಕ್ಕೂ ಕ್ರಮಸಂಖ್ಯೆ ಇರುವುದು ಅತ್ಯಗತ್ಯ. ಹೋಸ್ಟ್ ಸ್ವೀಕೃತಿ ಕಳುಹಿಸಿದ ಬಳಿಕವೇ ಸ್ವಿಚ್ ಆ ವಿವರವನ್ನು ಅಳಿಸಬೇಕು. ವಿವರ ತಲುಪಿ ಸ್ವೀಕೃತಿ ಮಾತ್ರ ದಾರಿಯಲ್ಲಿ ಕಳೆದುಹೋದರೆ ಅದೇ ವಿವರ ಎರಡನೆಯ ಬಾರಿ ಬರುತ್ತದೆ. ಕ್ರಮಸಂಖ್ಯೆ ನೋಡಿ ಹೋಸ್ಟ್ ಅದನ್ನು ಗುರುತಿಸಿ ಬಿಡುತ್ತದೆ. ರಸೀದಿ ಪುಸ್ತಕದ ಸಂಖ್ಯೆಗಳಂತೆ, ನಡುವೆ ಒಂದು ತಪ್ಪಿದ್ದರೂ ಒಂದು ಎರಡು ಸಲ ಬಂದಿದ್ದರೂ ಕೂಡಲೇ ಕಾಣುತ್ತದೆ. ಕಾರ್ಡ್ ಯಂತ್ರಗಳಲ್ಲಿಯೂ ಇದೇ ಬಗೆಯ ಎಚ್ಚರವಿದೆ. ಬ್ಯಾಂಕಿನ ಹೋಸ್ಟ್‌ನಿಂದ ಉತ್ತರ ಬಾರದಿದ್ದಾಗ ಹಣ ಕಡಿತವಾಗಿದೆಯೋ ಇಲ್ಲವೋ ಎಂದು ಯಂತ್ರ ಊಹಿಸುವುದಿಲ್ಲ. ವಹಿವಾಟನ್ನು ಹಿಂತೆಗೆಯುವಂತೆ ಕೋರುವ ರಿವರ್ಸಲ್ ಸಂದೇಶವನ್ನು ಕಳುಹಿಸುತ್ತದೆ.

ಮರುಸಂಪರ್ಕ: 1990ರ ಪಾಠ

ಕಡಿತಕ್ಕಿಂತ ಮರುಸಂಪರ್ಕದ ಗಳಿಗೆ ಹೆಚ್ಚು ಅಪಾಯಕಾರಿ ಎಂಬುದಕ್ಕೆ 1990ರ ಜನವರಿ 15ರಂದು ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆಯ ದೂರದ ಕರೆಗಳ ಜಾಲದಲ್ಲಿ ನಡೆದ ಘಟನೆ ಪ್ರಸಿದ್ಧ ನಿದರ್ಶನ. ನ್ಯೂಯಾರ್ಕಿನ ಒಂದು ಸ್ವಿಚ್ ಚಿಕ್ಕ ದೋಷದಿಂದಾಗಿ ಕೆಲವೇ ಸೆಕೆಂಡುಗಳ ಕಾಲ ಕರೆ ಸ್ವೀಕರಿಸುವುದನ್ನು ನಿಲ್ಲಿಸಿ, ತನ್ನನ್ನು ಸರಿಪಡಿಸಿಕೊಂಡು ಮರಳಿತು. ಇದು ನಿಯಮಿತ ಕ್ರಮವೇ. ಅದು ಮರಳಿದ ಸುದ್ದಿಯನ್ನು ನೆರೆಯ ಸ್ವಿಚ್ಚುಗಳು ಅದರಿಂದ ಬಂದ ಹೊಸ ಕರೆಯ ಸಂದೇಶದಿಂದಲೇ ತಿಳಿದು ತಮ್ಮ ಪಟ್ಟಿಯನ್ನು ತಿದ್ದತೊಡಗಿದವು. ತಿದ್ದುತ್ತಿರುವಾಗಲೇ, ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಅಂತರದಲ್ಲಿ, ಎರಡನೆಯ ಸಂದೇಶ ಬಂದಿತು. 1989ರ ಡಿಸೆಂಬರಿನಲ್ಲಿ ಅಳವಡಿಸಿದ ಹೊಸ ತಂತ್ರಾಂಶದಲ್ಲಿ ಅಡಗಿದ್ದ ತಪ್ಪೊಂದರಿಂದಾಗಿ ಆ ಸ್ವಿಚ್ಚುಗಳ ಮಾಹಿತಿ ಕೆಟ್ಟು, ಅವೂ ತಮ್ಮನ್ನು ಸರಿಪಡಿಸಿಕೊಳ್ಳಲು ನಿಂತವು. ಅವು ಮರಳಿದಾಗ ಅವುಗಳ ನೆರೆಯವು ನಿಂತವು. 114 ಸ್ವಿಚ್ಚುಗಳಲ್ಲಿ ಈ ಅಲೆ ಸುತ್ತುತ್ತಾ ಸುಮಾರು 9 ಗಂಟೆಗಳ ಕಾಲ ಅರ್ಧದಷ್ಟು ಕರೆಗಳು ಜೋಡಣೆಯಾಗಲಿಲ್ಲ. ಸಂಜ್ಞಾ ಜಾಲದ ಮೇಲಿನ ಹೊರೆಯನ್ನು ಇಳಿಸಿದ ಮೇಲೆ ಅಲೆ ತಣಿಯಿತು.

ಯಂತ್ರಾಂಶಗಳಾವುವೂ ಅಲ್ಲಿ ಸುಟ್ಟಿರಲಿಲ್ಲ, ತಂತಿಗಳು ಕಡಿದಿರಲಿಲ್ಲ. ಚೇತರಿಸಿಕೊಳ್ಳುವ ವಿಧಾನವೇ ರೋಗವನ್ನು ಹರಡಿತ್ತು. ಇದರಿಂದ ನಾಲ್ಕು ನಿಯಮಗಳನ್ನು ಗ್ರಹಿಸಬಹುದು.

1. ಮರುಪ್ರಯತ್ನಗಳ ನಡುವೆ ಬಿಡುವು ಹೆಚ್ಚುತ್ತಾ ಹೋಗಬೇಕು: 1, 2, 4, 8, 16 ಸೆಕೆಂಡು ಎಂಬಂತೆ, ಗರಿಷ್ಠ 60ರವರೆಗೆ. ಹಲವು ಯಂತ್ರಗಳಿದ್ದಲ್ಲಿ ಎಲ್ಲವೂ ಒಂದೇ ಕ್ಷಣಕ್ಕೆ ಬಾಗಿಲು ಬಡಿಯದಂತೆ ಬಿಡುವಿನಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರಬೇಕು.

2. ಸಂಪರ್ಕ ಮರಳಿದೊಡನೆ ಪೂರ್ಣ ಹೊರೆ ಹೊರಿಸಬಾರದು. ಒಂದು ಗೊತ್ತಾದ ಅವಧಿಗೆ ಹಾರ್ಟ್‌ಬೀಟ್ ಸ್ಥಿರವಾಗಿದ್ದುದನ್ನು ನೋಡಿ ಮಾತ್ರ ಸುಸ್ಥಿತಿಯೆಂದು ಘೋಷಿಸಬೇಕು.

3. ಮರಳಿ ಬಂದ ಹೋಸ್ಟ್ ತನ್ನ ಹಳೆಯ ನೆನಪನ್ನು ನಂಬಬಾರದು. ಪ್ರತಿ ದೂರವಾಣಿ ಮಾರ್ಗದ ಈಗಿನ ಸ್ಥಿತಿಯನ್ನು ಸ್ವಿಚ್ಚಿನಿಂದ ಕೇಳಿ ಪಡೆಯಬೇಕು. ಇಲ್ಲವಾದರೆ ಮುಗಿದ ಕರೆಗಳು ನಡೆಯುತ್ತಿರುವಂತೆ ಲೆಕ್ಕದಲ್ಲಿ ಉಳಿಯುತ್ತವೆ.

4. ಕೂಡಿಟ್ಟ ಹಳೆಯ ವಿವರಗಳನ್ನು ಒಮ್ಮೆಗೇ ಸುರಿಯದೆ, ಹೊಸ ಕರೆಗಳ ಕೆಲಸಕ್ಕೆ ಅಡ್ಡಿಯಾಗದಂತೆ ನಿಧಾನವಾಗಿ ಕಳುಹಿಸಬೇಕು.

ಎರಡು ಹೋಸ್ಟ್‌ಗಳಿದ್ದಲ್ಲಿ ಇನ್ನೊಂದು ತೊಡಕು ಉಂಟು. ಅವೆರಡರ ನಡುವಣ ಕೊಂಡಿ ಕಡಿದಾಗ ಪ್ರತಿಯೊಂದೂ ಮತ್ತೊಂದು ಸತ್ತಿದೆಯೆಂದು ತಿಳಿದು ಅಧಿಕಾರ ವಹಿಸಿಕೊಳ್ಳುತ್ತದೆ. ಒಂದೇ ಕರೆಗೆ ಎರಡು ಅಪ್ಪಣೆಗಳು ಹೊರಡುತ್ತವೆ. ಯಾವ ಹೋಸ್ಟ್‌ನ ಮಾತು ನಡೆಯಬೇಕೆಂಬ ತೀರ್ಮಾನವನ್ನು ಸ್ವಿಚ್ಚಿಗೇ ಬಿಟ್ಟು, ಒಂದು ಕಾಲಕ್ಕೆ ಒಂದರ ಅಪ್ಪಣೆಯನ್ನು ಮಾತ್ರ ಅದು ಪಾಲಿಸುವಂತೆ ಮಾಡುವುದು ಸರಳ ಪರಿಹಾರ.

ಪರೀಕ್ಷೆ ಮತ್ತು ಕರಾರು

ಅಳವಡಿಸಿದ ವ್ಯವಸ್ಥೆಯನ್ನು ಪರೀಕ್ಷಿಸದೆ ನಂಬುವುದು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೆ ದಾರಿ. ಕಚೇರಿಯ ಬಿಡುವಿನ ವೇಳೆಯಲ್ಲಿ ನಾಲ್ಕು ಪರೀಕ್ಷೆಗಳನ್ನು ಮಾಡಬಹುದು: ಹೋಸ್ಟ್‌ನ ಕೇಬಲ್ ಕೀಳುವುದು, ತಂತ್ರಾಂಶವನ್ನು ಹಠಾತ್ತನೆ ಮುಚ್ಚುವುದು, ನಡುವಣ ಜಾಲಪೆಟ್ಟಿಗೆಯ ವಿದ್ಯುತ್ ಆರಿಸುವುದು, ತಂತ್ರಾಂಶವನ್ನು ಮುಚ್ಚದೆ ಸ್ತಬ್ಧಗೊಳಿಸುವುದು. ಪ್ರತಿ ಸಲವೂ ಎಚ್ಚರಿಕೆ ಬರಲು ಹಿಡಿದ ಸಮಯ, ಪರೀಕ್ಷಾರ್ಥ ಕರೆ ತಲುಪಿದ ಸ್ಥಳ, ಮರುಸಂಪರ್ಕದ ನಂತರ ದಾಖಲೆಗಳ ಕ್ರಮಸಂಖ್ಯೆ ಇವನ್ನು ಪುಸ್ತಕದಲ್ಲಿ ಬರೆದಿಡಬೇಕು. ಸ್ವಿಚ್ ಮತ್ತು ಗಣಕಗಳ ಗಡಿಯಾರಗಳು ಒಂದೇ ಸಮಯ ತೋರಿಸುವಂತಿದ್ದರೆ ಮಾತ್ರ ಈ ಬರಹಕ್ಕೆ ಬೆಲೆ. ಕೊನೆಯ ಎರಡು ಪರೀಕ್ಷೆಗಳಲ್ಲಿಯೇ ಹೆಚ್ಚಿನ ವ್ಯವಸ್ಥೆಗಳ ದೌರ್ಬಲ್ಯ ಬಯಲಾಗುವುದರಿಂದ ಅವನ್ನು ಬಿಡಬಾರದು.

ಯಂತ್ರ ಸರಬರಾಜುದಾರರೊಂದಿಗೆ ವಾರ್ಷಿಕ ನಿರ್ವಹಣಾ ಕರಾರು ಮಾಡಿಕೊಳ್ಳುವಾಗ ಈ ಅಂಕಿಗಳನ್ನೇ ಬರಹಕ್ಕೆ ಇಳಿಸುವುದು ಲೇಸು. ‘ಉತ್ತಮ ಸೇವೆ’ ಎಂಬ ಮಾತಿಗಿಂತ, ಸಂಪರ್ಕ ನಷ್ಟ ಎಷ್ಟು ಸೆಕೆಂಡಿನಲ್ಲಿ ಪತ್ತೆಯಾಗಬೇಕು, ಎಷ್ಟು ಕರೆಗಳ ವಿವರ ಉಳಿಯಬೇಕು, ಬದಲಿ ದಾರಿ ಯಾವುದು ಎಂಬ ಮೂರು ಸಾಲುಗಳು ಹೆಚ್ಚು ಉಪಯುಕ್ತ.

ಸೀರಿಯಲ್ ಕೇಬಲ್‌ಗಳು ಮೂಲೆ ಸೇರಿ, ದೂರವಾಣಿ ಮಾರ್ಗಗಳು ಅಂತರಜಾಲದ ಎಸ್.ಐ.ಪಿ. ವ್ಯವಸ್ಥೆಗೆ ಬದಲಾಗುತ್ತಿರುವ ಈ ಕಾಲದಲ್ಲಿಯೂ ಸಮಸ್ಯೆ ಮರೆಯಾಗಿಲ್ಲ. ಎಸ್.ಐ.ಪಿ. ದೂರವಾಣಿಯ ನೋಂದಣಿಗೆ ನಿಯಮಾವಳಿ ಸೂಚಿಸುವ ಮೂಲ ಅವಧಿ 3,600 ಸೆಕೆಂಡು. ನೋಂದಣಿಯಾದ ಮರುಕ್ಷಣವೇ ಮಾರ್ಗ ಕಡಿದರೆ, ಬೇರೆ ವಿಚಾರಣೆಯಿಲ್ಲದಿದ್ದಲ್ಲಿ, ಗಂಟೆಯವರೆಗೂ ಸರ್ವರ್ ಆ ದೂರವಾಣಿ ಲಭ್ಯವಿದೆಯೆಂದೇ ಭಾವಿಸಬಹುದು. ಹೋಸ್ಟ್ ದೂರದ ಊರಿನಲ್ಲಿರುವ ಕ್ಲೌಡ್ ವ್ಯವಸ್ಥೆಯಲ್ಲಿ ನಡುವಣ ರೂಟರುಗಳೂ ಸೇರಿಕೊಳ್ಳುತ್ತವೆ. ಬಳಕೆಯಿಲ್ಲದ ಟಿ.ಸಿ.ಪಿ. ಸಂಪರ್ಕವನ್ನು ಕನಿಷ್ಠ 2 ಗಂಟೆ 4 ನಿಮಿಷ ಉಳಿಸಿಕೊಳ್ಳಬೇಕೆಂದು 2008ರ ಮಾನದಂಡ ಹೇಳಿದರೂ, ಅದಕ್ಕಿಂತ ಬಹಳ ಮೊದಲೇ ಸದ್ದಿಲ್ಲದೆ ಕೈಬಿಡುವ ರೂಟರುಗಳಿವೆ. ಅರ್ಧ ನಿಮಿಷಕ್ಕೊಮ್ಮೆ ಹಾರ್ಟ್‌ಬೀಟ್ ಕಳುಹಿಸುವುದರಿಂದ ಪತ್ತೆಯ ಜೊತೆಗೆ ಆ ದಾರಿಯೂ ತೆರೆದಿರುತ್ತದೆ.

ಮಳಿಗೆಯ ಬೀಗವನ್ನು ಪ್ರತಿ ರಾತ್ರಿ ಎಳೆದು ನೋಡುವ ವರ್ತಕರು ಗ್ರಾಹಕರು ಬರುವ ಈ ಕಾಣದ ಬಾಗಿಲನ್ನೂ ತಿಂಗಳಿಗೊಮ್ಮೆಯಾದರೂ ಎಳೆದು ನೋಡುವುದು ಒಳಿತು. ಮುಂದಿನ ಶನಿವಾರ ಸಂಜೆ ಕಚೇರಿ ಮುಚ್ಚುವ ಮುನ್ನ ಕೇಬಲೊಂದನ್ನು ಕಿತ್ತು, ಕೈಗಡಿಯಾರ ನೋಡುತ್ತಾ ನಿಲ್ಲುವುದರಿಂದ ಆ ಕೆಲಸವನ್ನು ಆರಂಭಿಸಬಹುದು.